ದ್ವಿಚಕ್ರ ವಾಹನದ ಮುಂಭಾಗದ ಫೋರ್ಕ್: ಸ್ಪ್ರಿಂಗ್, ಆಯಿಲ್ ಹಾಗೂ ಕಾರ್ಯಾಗಾರದ ಲೆಕ್ಕ

ಹೊಸಪೇಟೆಯಿಂದ ಸಂಡೂರಿಗೆ, ಕಂಪ್ಲಿಗೆ, ಕಮಲಾಪುರದ ಮಾರ್ಗವಾಗಿ ಹಂಪಿಗೆ ನಿತ್ಯ ಓಡಾಡುವ ದ್ವಿಚಕ್ರ ವಾಹನಗಳು ನಮ್ಮ ಭಾಗದ ಗ್ಯಾರೇಜುಗಳಿಗೆ ಪದೇ ಪದೇ ಹೊತ್ತು ತರುವ ದೂರು ಒಂದುಂಟು: ಬ್ರೇಕ್ ಹಿಡಿದೊಡನೆ ಮುಂಭಾಗ ಕುಸಿಯುತ್ತದೆ, ಗುಂಡಿಗೆ ಇಳಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬರುತ್ತದೆ, ಫೋರ್ಕಿನ ಕೊಳವೆಯ ಮೇಲೆ ಎಣ್ಣೆ ಜಿನುಗುತ್ತದೆ. ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಚಿಕಿತ್ಸೆಗಳು ಎರಡೇ. ಒಂದು, ಸ್ಪ್ರಿಂಗಿನ ಮೇಲೆ ವಾಷರ್ ಇಡುವುದು; ಇನ್ನೊಂದು, ದಪ್ಪ ಎಣ್ಣೆ ಸುರಿಯುವುದು. ಇವೆರಡರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅಂಕಿಗಳ ಸಹಾಯದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೆಕ್ಕಪರಿಶೋಧಕನಿಗೆ ಫೋರ್ಕಿನ ಗೊಡವೆ ಏಕೆಂದು ಸದಸ್ಯರು ಕೇಳಬಹುದು. ಕಾರ್ಯಾಗಾರಗಳ ಖಾತೆ ನೋಡುವಾಗ ಆಯಿಲ್ ಸೀಲಿನ ಖರೀದಿ ಏರುತ್ತಿದ್ದರೂ ಫೋರ್ಕ್ ಕೆಲಸದ ಕೂಲಿ ಏರದೇ ಇರುವುದನ್ನು ಹಲವೆಡೆ ಗಮನಿಸಿದ್ದೇನೆ. ಬಿಲ್ಲಾಗದ ಸೀಲು ಎಂದರೆ ಮರಳಿ ಬಂದ ಗಾಡಿ. ಮರಳಿ ಬಂದ ಗಾಡಿ ಎಂದರೆ ಪುಕ್ಕಟೆ ದುಡಿಮೆ. ಆ ನಷ್ಟದ ಬೇರು ಖಾತೆ ಪುಸ್ತಕದಲ್ಲಿಲ್ಲ, ಫೋರ್ಕಿನೊಳಗಿದೆ.

ಲಾರಿಯ ಪಟ್ಟಿ, ಬೈಕಿನ ಸುರುಳಿ

ನಮ್ಮ ಪ್ರದೇಶದ ಮೇಸ್ತ್ರಿಗಳಲ್ಲಿ ಅನೇಕರ ವಿದ್ಯೆ ಲಾರಿಯಿಂದ ಬಂದದ್ದು. ಅದಿರಿನ ಕಾಲದಲ್ಲಿ ಲಾರಿಗೆ ಪಟ್ಟಿ ಏರಿಸುವುದೇ ಒಂದು ದೊಡ್ಡ ಉದ್ಯೋಗವಾಗಿತ್ತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಹಿಡಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಅವನ್ನೇ ನಂಬಿದ್ದವರಲ್ಲಿ ಕೆಲವರು ದ್ವಿಚಕ್ರದ ಕಡೆಗೆ ತಿರುಗಿದರು. ಕೈಗುಣ ಬಂತು, ಜೊತೆಗೆ ಲಾರಿಯ ತರ್ಕವೂ ಬಂತು.

ಪಟ್ಟಿ ಸ್ಪ್ರಿಂಗಿನಲ್ಲಿ ಒಂದು ಪಟ್ಟಿಯ ಮೇಲೆ ಇನ್ನೊಂದು ಸೇರಿಸಿದರೆ ಅದು ನಿಜವಾಗಿ ಗಡಸಾಗುತ್ತದೆ. ಅಷ್ಟೇ ಅಲ್ಲ, ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಹುಟ್ಟುವ ಘರ್ಷಣೆಯೇ ಕುಣಿತವನ್ನು ಸ್ವಲ್ಪಮಟ್ಟಿಗೆ ಅಡಗಿಸುತ್ತದೆ. ಬೈಕಿನ ಸುರುಳಿ ಸ್ಪ್ರಿಂಗಿಗೆ ಈ ಎರಡು ಗುಣಗಳೂ ಇಲ್ಲ. ಅದರ ಸುತ್ತುಗಳು ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಒಮ್ಮೆ ಒತ್ತಿ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಕುಣಿತ ನಿಲ್ಲಿಸಲು ಎಣ್ಣೆಯೇ ಬೇಕು. 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ತನ್ನ ಆರ್12 ಮಾದರಿಯಲ್ಲಿ ಎಣ್ಣೆಯ ತಡೆಯುಳ್ಳ ಕೊಳವೆ ಫೋರ್ಕನ್ನು ತಂದ ಮೇಲೆ ಈ ವ್ಯವಸ್ಥೆ ಜಗತ್ತಿನಲ್ಲೆಲ್ಲ ನೆಲೆಯೂರಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಇದ್ದದ್ದೂ, ಇಂದಿನ 100, 125 ಸಿ.ಸಿ. ಗಾಡಿಗಳಲ್ಲಿ ಇರುವುದೂ ಮೂಲತಃ ಇದೇ: ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ವೇಗವನ್ನು ತಡೆಯುತ್ತದೆ. ಭಾರದ ದೂರಿಗೆ ಎಣ್ಣೆಯಿಂದಲೂ, ವೇಗದ ದೂರಿಗೆ ಸ್ಪ್ರಿಂಗಿನಿಂದಲೂ ಉತ್ತರ ಹುಡುಕಿದರೆ ಫಲವಿಲ್ಲ.

ವಾಷರಿನ ಸಂಗತಿಗೆ ಬರೋಣ. ವಾಷರ್ ಇಟ್ಟರೆ ಸ್ಪ್ರಿಂಗಿನ ಮುನ್ನೊತ್ತಡ ಹೆಚ್ಚುತ್ತದೆ, ಗಡಸು ಹೆಚ್ಚುವುದಿಲ್ಲ. ವ್ಯಾಪಾರಿಗಳಿಗೆ ತಿಳಿಯುವಂತೆ ಹೇಳುವುದಾದರೆ, ಮುನ್ನೊತ್ತಡವೆಂಬುದು ಆರಂಭಿಕ ಶಿಲ್ಕು, ಗಡಸು ಎಂಬುದು ಬಡ್ಡಿಯ ದರ. ಶಿಲ್ಕು ಎಷ್ಟೇ ಇರಲಿ, ದರ ಅದೇ.

ಒಂದು ಉದಾಹರಣೆಯ ಲೆಕ್ಕ

ಸುರುಳಿ ಸ್ಪ್ರಿಂಗಿನ ಗಡಸನ್ನು ಕಂಡುಹಿಡಿಯುವ ಸೂತ್ರ ಹೀಗಿದೆ: ತಂತಿಯ ವ್ಯಾಸದ ನಾಲ್ಕನೆಯ ಘಾತವನ್ನು ಉಕ್ಕಿನ ತಿರುಚು ಗುಣಾಂಕದಿಂದ ಗುಣಿಸಿ, ಬಂದದ್ದನ್ನು ಸುರುಳಿಯ ಸರಾಸರಿ ವ್ಯಾಸದ ಘನ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಮತ್ತು 8, ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಸ್ಪ್ರಿಂಗ್ ಉಕ್ಕಿಗೆ ಗುಣಾಂಕ ಸುಮಾರು 78,500 ನ್ಯೂಟನ್ ಪ್ರತಿ ಚದರ ಮಿ.ಮೀ. ತಂತಿ 4 ಮಿ.ಮೀ., ಸರಾಸರಿ ವ್ಯಾಸ 20 ಮಿ.ಮೀ., ಸುತ್ತು 52 ಎಂದು ಭಾವಿಸಿದರೆ ಗಡಸು 6.04 ನ್ಯೂಟನ್ ಪ್ರತಿ ಮಿ.ಮೀ. ಬರುತ್ತದೆ. ತಂತಿಯನ್ನು ಮಾತ್ರ 4.2 ಮಿ.ಮೀ.ಗೆ ಏರಿಸಿದರೆ 7.34 ಆಗುತ್ತದೆ. ಕಣ್ಣಿಗೆ ಕಾಣದಷ್ಟು, ಅಂದರೆ ಕೂದಲೆಳೆಯ ಎರಡು ಮೂರು ಪಟ್ಟು ದಪ್ಪದ ವ್ಯತ್ಯಾಸದಿಂದ ಶೇ. 21ಕ್ಕೂ ಹೆಚ್ಚು ಗಡಸು! ಹಳೆಯ ಸ್ಪ್ರಿಂಗಿನ 5 ಸುತ್ತು ಕತ್ತರಿಸಿ, ಕಡಿಮೆಯಾದ ಉದ್ದಕ್ಕೆ ಕೊಳವೆಯ ತುಂಡು ಇಟ್ಟರೂ ಗಡಸು ಹೆಚ್ಚುತ್ತದೆ, ಆದರೆ 6.7ರ ಹತ್ತಿರ ನಿಲ್ಲುತ್ತದೆ. ಕತ್ತರಿಸಿದ ತುದಿಯನ್ನು ಬಡಿದು ಮುಚ್ಚಲು ಕೆಂಪಗೆ ಕಾಯಿಸಿದರೆ ಅಲ್ಲಿ ಉಕ್ಕಿನ ಹದ ಕೆಡುತ್ತದೆ ಎಂಬುದನ್ನೂ ನೆನಪಿಡಬೇಕು.

ಈಗ ಇದೇ ಸ್ಪ್ರಿಂಗ್ ಗಾಡಿಯಲ್ಲಿ ಏನು ಮಾಡುತ್ತದೆಂದು ನೋಡೋಣ. ಸವಾರ ಕುಳಿತಾಗ ಮುಂಭಾಗದ ಮೇಲೆ 80 ಕಿಲೋ ಭಾರವಿದೆ, ಫೋರ್ಕ್ 26 ಡಿಗ್ರಿ ಓರೆಯಾಗಿದೆ, ಅದರ ಒಟ್ಟು ಚಲನೆ 120 ಮಿ.ಮೀ. ಎಂದುಕೊಳ್ಳಿ. ಪ್ರತಿ ಕಾಲಿಗೆ ಕೊಳವೆಯ ದಿಕ್ಕಿನಲ್ಲಿ ಬೀಳುವ ಭಾರ ಸುಮಾರು 353 ನ್ಯೂಟನ್. 6.04 ಗಡಸಿನ ಸ್ಪ್ರಿಂಗ್ ಇದಕ್ಕೆ 58 ಮಿ.ಮೀ. ಒತ್ತಲ್ಪಡಬೇಕು, ಮುನ್ನೊತ್ತಡ 20 ಮಿ.ಮೀ. ಕಳೆದರೆ ಇಳಿತ 38 ಮಿ.ಮೀ. ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗಿನ ಇಳಿತ ರಸ್ತೆಯ ಬಳಕೆಗೆ ಯೋಗ್ಯವೆಂಬುದು ಸಾಮಾನ್ಯ ನಿಯಮ. ಹಾಗಾಗಿ ಇದು ಮೇಲಿನ ಮಿತಿಯ ಹತ್ತಿರ ಇದೆ.

ಇನ್ನು ಬ್ರೇಕ್. ಸವಾರನೂ ಸೇರಿ 200 ಕಿಲೋ ತೂಕದ ಗಾಡಿಯನ್ನು ಗುರುತ್ವದ ಅರ್ಧದಷ್ಟು ವೇಗತಗ್ಗಿಕೆಯಲ್ಲಿ ಮುಂದಿನ ಬ್ರೇಕ್ ಒಂದರಿಂದಲೇ ನಿಲ್ಲಿಸಿದರೆ, ಚಕ್ರಗಳ ಅಂತರ 1.25 ಮೀಟರ್, ಭಾರಕೇಂದ್ರದ ಎತ್ತರ 0.6 ಮೀಟರ್ ಇರುವಾಗ, ಹಿಂದಿನಿಂದ ಮುಂದಕ್ಕೆ 471 ನ್ಯೂಟನ್ ಭಾರ ಜರುಗುತ್ತದೆ. ಇದಲ್ಲದೆ ನೆಲವು ಚಕ್ರವನ್ನು ಹಿಂದಕ್ಕೆ ತಳ್ಳುವ 981 ನ್ಯೂಟನ್ ಬಲದ ಒಂದು ಪಾಲು, ಫೋರ್ಕಿನ ಓರೆಯಿಂದಾಗಿ, ಅದನ್ನು ಒತ್ತುತ್ತದೆ. ಎರಡೂ ಸೇರಿ ಪ್ರತಿ ಕಾಲಿಗೆ ಸುಮಾರು 427 ನ್ಯೂಟನ್. ಹಳೆಯ ಸ್ಪ್ರಿಂಗ್ ಇದಕ್ಕೆ ಇನ್ನೂ 71 ಮಿ.ಮೀ. ಕುಸಿಯುತ್ತದೆ. 38 ಮತ್ತು 71 ಸೇರಿ 109. ಗುಂಡಿಗೆ ಉಳಿದದ್ದು ಕೇವಲ 11 ಮಿ.ಮೀ. ರಸ್ತೆಯ ಉಬ್ಬು ಎದುರಾದೊಡನೆ ಸವಾರ ಬ್ರೇಕ್ ಹಿಡಿಯುವುದರಿಂದ ಕುಸಿತವೂ ಉಬ್ಬೂ ಒಟ್ಟಿಗೇ ಬರುತ್ತವೆ. ಸದ್ದು ಹುಟ್ಟುವುದು ಇಲ್ಲಿ.

7.34 ಗಡಸಿನ ಸ್ಪ್ರಿಂಗ್ ಹಾಕಿ ಮುನ್ನೊತ್ತಡವನ್ನು 13 ಮಿ.ಮೀ.ಗೆ ಇಳಿಸಿದರೆ ಇಳಿತ 35, ಬ್ರೇಕಿನ ಕುಸಿತ 58, ಉಳಿಕೆ 27 ಮಿ.ಮೀ. ಗಡಸು ಹೆಚ್ಚಿದಾಗ ಮುನ್ನೊತ್ತಡವನ್ನು ಕಡಿಮೆ ಮಾಡಬೇಕೆಂಬುದು ಇಲ್ಲಿಯ ಸೂಕ್ಷ್ಮ. ಇದರ ಬದಲು ಹಳೆಯ ಸ್ಪ್ರಿಂಗಿನ ಮೇಲೆ 10 ಮಿ.ಮೀ. ವಾಷರ್ ಇಟ್ಟರೆ ಉಳಿಕೆ 21ಕ್ಕೆ ಏರುವುದು ನಿಜ. ಆದರೆ ಆ ಲಾಭ ಇಳಿತದಿಂದ ಕಡ ತಂದದ್ದು: ಇಳಿತ 28ಕ್ಕೆ ಇಳಿದು, ಚಕ್ರವು ಗುಂಡಿಯೊಳಕ್ಕೆ ಇಳಿಯಲು ಇರುವ ಅವಕಾಶ ಅಷ್ಟೇ ಕುಗ್ಗುತ್ತದೆ, ಫೋರ್ಕ್ ಮೇಲ್ತುದಿಗೆ ಬಡಿಯತೊಡಗುತ್ತದೆ. ಇನ್ನೂ 10 ಮಿ.ಮೀ. ಇಟ್ಟರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಕೂಡಿ ಕಬ್ಬಿಣದ ಸಲಾಕೆಯಂತಾಗುವ ಅಪಾಯವೂ ಉಂಟು. ಮೇಲಿನ ಲೆಕ್ಕದಲ್ಲಿ ಫೋರ್ಕಿನೊಳಗಿನ ಗಾಳಿಯ ಒತ್ತಡವನ್ನೂ, ಚಕ್ರದ ಸ್ವಂತ ತೂಕವನ್ನೂ ಬಿಟ್ಟಿದ್ದೇನೆ. ತುಲನೆಗೆ ಅಷ್ಟು ಸಾಕು.

ಇಳಿತವನ್ನು ಅಳೆಯಲು ಟೇಪು ಮತ್ತು ಇಬ್ಬರು ಜನ ಇದ್ದರೆ ಸಾಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಫೋರ್ಕಿನ ಕೊಳವೆಯ ಕಾಣುವ ಭಾಗವನ್ನು ಅಳೆಯಬೇಕು, ಸವಾರ ಕುಳಿತ ಮೇಲೆ ಮತ್ತೆ ಅಳೆಯಬೇಕು, ವ್ಯತ್ಯಾಸವೇ ಇಳಿತ. ಸೀಲಿನ ಘರ್ಷಣೆ ಅಳತೆಯನ್ನು ತಪ್ಪಿಸುವುದರಿಂದ ಹ್ಯಾಂಡಲನ್ನು ಒಮ್ಮೆ ಒತ್ತಿ ನಿಧಾನವಾಗಿ ಬಿಟ್ಟು, ಇನ್ನೊಮ್ಮೆ ಎತ್ತಿ ನಿಧಾನವಾಗಿ ಇಳಿಸಿ, ಎರಡರ ಸರಾಸರಿ ತೆಗೆಯುವುದು ಸರಿಯಾದ ಕ್ರಮ. ಇವೆರಡರ ನಡುವೆ ದೊಡ್ಡ ಅಂತರ ಕಂಡರೆ ಸ್ಪ್ರಿಂಗ್ ಬದಲಿಸುವ ಮೊದಲು ಕೊಳವೆ ಬಾಗಿದೆಯೇ, ಎರಡು ಕಾಲುಗಳು ಸಮಾನಾಂತರವಾಗಿವೆಯೇ ಎಂದು ನೋಡಬೇಕು.

ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಗೊಬ್ಬರದ ಚೀಲ ಹೊರುವ ಗಾಡಿಗಳ ವಿಷಯ ಬೇರೆ. ಹಿಂದಿನ ಅಚ್ಚಿನ ಮೇಲೆ ಬಿದ್ದ ಭಾರ ಮುಂದಿನ ಫೋರ್ಕಿಗೆ ಬರುವುದಿಲ್ಲ; ಅಚ್ಚಿಗಿಂತ ಹಿಂದೆ ಚಾಚಿಕೊಂಡ ಭಾರವಂತೂ ಮುಂಭಾಗವನ್ನು ಎತ್ತಿ ಹಗುರ ಮಾಡುತ್ತದೆ. ಅಂಥ ಗಾಡಿಯ ಹ್ಯಾಂಡಲ್ ಅಲುಗುತ್ತದೆಂದು ದೂರು ಬಂದರೆ ಮುಂದಿನ ಸ್ಪ್ರಿಂಗನ್ನು ಗಡಸು ಮಾಡುವುದು ರೋಗಕ್ಕೆ ವಿರುದ್ಧವಾದ ಔಷಧ. ಅಲ್ಲಿ ಹಿಂದಿನ ಶಾಕ್ ಅಬ್ಸಾರ್ಬರನ್ನು, ಹೊರೆ ಕಟ್ಟುವ ಸ್ಥಾನವನ್ನು ಮೊದಲು ಗಮನಿಸತಕ್ಕದ್ದು.

ಆಯಿಲಿನ ವಿಚಾರ

ಫೋರ್ಕಿಗೆ ಇಂಜಿನ್ ಆಯಿಲ್ ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. 20ಡಬ್ಲ್ಯು-40 ಇಂಜಿನ್ ಆಯಿಲಿನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಸೆಂಟಿಸ್ಟೋಕ್ಸ್‌ಗಿಂತ ಹೆಚ್ಚು. ಹಲವು ತಯಾರಕರ 10ಡಬ್ಲ್ಯು ಫೋರ್ಕ್ ಆಯಿಲಿನದು 30ರ ಆಸುಪಾಸು. ಅಂದರೆ ಮೂರು ಪಟ್ಟಿಗೂ ಹೆಚ್ಚಿನ ತಡೆಯುಳ್ಳ ದ್ರವವನ್ನು ಅದೇ ರಂಧ್ರಗಳ ಮೂಲಕ ನುಗ್ಗಿಸುತ್ತಿದ್ದೇವೆ. ಗಾಡಿಯನ್ನು ನಿಲ್ಲಿಸಿ ಹ್ಯಾಂಡಲ್ ಒತ್ತಿ ನೋಡಿದ ಗ್ರಾಹಕರಿಗೆ ಇದು ಬಿಗಿಯಾಗಿ, ಮೆಚ್ಚುಗೆಯಾಗಿ ಕಾಣುತ್ತದೆ. ರಸ್ತೆಗಿಳಿದ ಮೇಲೆ ಕಥೆ ಬೇರೆ. ಸಾಮಾನ್ಯ ಗಾಡಿಗಳ ಫೋರ್ಕಿನಲ್ಲಿ ರಂಧ್ರದ ತಡೆ ವೇಗದ ವರ್ಗದಂತೆ ಏರುತ್ತದೆ: ನಿಧಾನ ಚಲನೆಗೆ ಸಾಲದು, ತೀವ್ರ ಚಲನೆಗೆ ಅತಿಯಾಯಿತು. ದಪ್ಪ ಎಣ್ಣೆಯಿಂದ ಫೋರ್ಕ್ ಒಳಕ್ಕೆ ಹೋಗುವುದೂ ಹೊರಕ್ಕೆ ಮರಳುವುದೂ ತಡವಾಗುತ್ತವೆ. ಅದಿರು ಲಾರಿಗಳು ಅಲೆಅಲೆಯಾಗಿ ಮಾಡಿಟ್ಟ ರಸ್ತೆಯಲ್ಲಿ ಒಂದು ಉಬ್ಬಿನಿಂದ ಫೋರ್ಕ್ ಮರಳುವ ಮುನ್ನವೇ ಮುಂದಿನ ಉಬ್ಬು ಬರುತ್ತದೆ. ಹೀಗೆ ಹಂತಹಂತವಾಗಿ ಕುಸಿಯುತ್ತಾ ಹೋಗಿ ಕೊನೆಗೆ ಚಲನೆಯೇ ಉಳಿಯುವುದಿಲ್ಲ. ಗಟ್ಟಿ ಎಣ್ಣೆ ಹಾಕಿದ ಮೇಲೆಯೂ ಬಡಿಯುತ್ತದೆ ಎಂಬ ದೂರಿನ ರಹಸ್ಯ ಇಷ್ಟೇ.

ಡಬ್ಬಿಯ ಮೇಲಿನ 5ಡಬ್ಲ್ಯು, 10ಡಬ್ಲ್ಯು ಎಂಬ ಸಂಖ್ಯೆಗಳು ಫೋರ್ಕ್ ಆಯಿಲಿನ ಮಟ್ಟಿಗೆ ಎಲ್ಲ ತಯಾರಕರಲ್ಲಿ ಒಂದೇ ಅರ್ಥ ಕೊಡುವುದಿಲ್ಲ. ಒಬ್ಬರ 10, ಇನ್ನೊಬ್ಬರ 15ಕ್ಕೆ ಸಮವಾಗಿರಬಹುದು. ಆದ್ದರಿಂದ ಸಗಟು ಖರೀದಿಸುವ ಸದಸ್ಯರು ತಯಾರಕರ ಮಾಹಿತಿ ಪತ್ರದಲ್ಲಿ 40 ಡಿಗ್ರಿಯ ಸೆಂಟಿಸ್ಟೋಕ್ಸ್ ಅಂಕಿಯನ್ನೂ, ಸ್ನಿಗ್ಧತಾ ಸೂಚ್ಯಂಕವನ್ನೂ ಕೇಳಿ ಪಡೆಯಬೇಕು. ಡಿಸೆಂಬರಿನ ಮುಂಜಾವಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ನಮ್ಮಲ್ಲಿ ಇರುವ ಅಂತರ ಎಲ್ಲರಿಗೂ ಗೊತ್ತೇ ಇದೆ. ಸೂಚ್ಯಂಕ ಹೆಚ್ಚಿದ್ದಷ್ಟೂ ಎಣ್ಣೆ ಆ ಅಂತರವನ್ನು ತಾಳಿಕೊಳ್ಳುತ್ತದೆ. ಒಂದೇ ತಯಾರಕರ ಎರಡು ದರ್ಜೆಗಳನ್ನು ಬೆರೆಸಿ ನಡುವಣ ಸ್ನಿಗ್ಧತೆ ಪಡೆಯುವುದು ಸಾಧ್ಯವಿರುವುದರಿಂದ ದಾಸ್ತಾನಿಗೆ ಎರಡು ದರ್ಜೆಗಳು ಸಾಕು.

ಎಣ್ಣೆಯ ಪ್ರಮಾಣಕ್ಕಿಂತ ಮಟ್ಟ ಮುಖ್ಯ. ಸ್ಪ್ರಿಂಗ್ ಹೊರತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಂದ ಎಣ್ಣೆಯವರೆಗಿನ ಅಂತರವನ್ನು ಅಳೆಯಬೇಕು. ಈ ಖಾಲಿ ಜಾಗದ ಗಾಳಿಯೂ ಒಂದು ಸ್ಪ್ರಿಂಗೇ. ಚಲನೆಯ ಕೊನೆಯಲ್ಲಿ ಮಾತ್ರ ಜೋರಾಗುವ ಸ್ಪ್ರಿಂಗ್. ಅಂತರವನ್ನು 160ರಿಂದ 120 ಮಿ.ಮೀ.ಗೆ ತಂದರೆ ಕೊನೆಯಲ್ಲಿ ಗಾಳಿಯ ಹೆಚ್ಚುವರಿ ಒತ್ತಡ ಸುಮಾರು ಮೂರನೆಯ ಒಂದು ಭಾಗ ಏರುತ್ತದೆ. ಒಳವ್ಯಾಸ 26 ಮಿ.ಮೀ. ಇರುವ ಕೊಳವೆಯಲ್ಲಿ ಇದಕ್ಕೆ ಬೇಕಾದ ಎಣ್ಣೆ ಕಾಲೊಂದಕ್ಕೆ 21 ಮಿ.ಲೀ. ಮಾತ್ರ. ಆದರೆ ಒಮ್ಮೆಗೆ 5ರಿಂದ 10 ಮಿ.ಮೀ.ಗಿಂತ ಹೆಚ್ಚು ಬದಲಿಸಬಾರದು. ಅತಿಯಾದರೆ ಒತ್ತಡ ಸೀಲನ್ನು ಹೊರಕ್ಕೆ ತಳ್ಳುತ್ತದೆ. ಆರಂಭದ ಅಳತೆ ಯಾವಾಗಲೂ ತಯಾರಕರ ಕೈಪಿಡಿಯದೇ ಇರಲಿ.

ಸೀಲಿನ ಬಗ್ಗೆ ಒಂದು ಮಾತು. ಸಂಡೂರಿನ ಕೆಂಪು ಧೂಳು ಹೊಲದ ಮಣ್ಣಿನಂಥದಲ್ಲ, ಗಡಸು ಹೆಮಟೈಟ್ ಅದಿರಿನ ಕಣಗಳು ಅದರಲ್ಲಿವೆ. ಧೂಳಿನ ರಕ್ಷಾಕವಚ ಹರಿದಿದ್ದರೆ ಆ ಕಣಗಳು ಸೀಲಿನ ತುಟಿಯಲ್ಲಿ ಕೂತು ರಬ್ಬರನ್ನು ಸವೆಸುತ್ತವೆ. ಕೊಳವೆಯ ಕ್ರೋಮ್ ಮೇಲೆ ಗೀರು ಬಿದ್ದಿದ್ದರಂತೂ ಹೊಸ ಸೀಲು ಹಾಕಿದ ವಾರದಲ್ಲೇ ಗಾಡಿ ಮರಳಿ ಬರುತ್ತದೆ. ಉಗುರಿಗೆ ತಗಲುವ ಗೀರಿದ್ದರೆ ಸೀಲಿನ ಕೆಲಸವನ್ನೇ ಒಪ್ಪಿಕೊಳ್ಳದಿರುವುದು ಲಾಭದಾಯಕ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಬಿಡದೆ ಡ್ರಮ್ಮಿನಲ್ಲಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ಕೊಡತಕ್ಕದ್ದು.

ಸ್ಪ್ರಿಂಗ್ ತಯಾರಿಸಬಯಸುವವರಿಗೆ

ಮೇಲಿನ ಉದಾಹರಣೆಯ ಸ್ಪ್ರಿಂಗಿಗೆ ತುದಿಯ ಸುತ್ತುಗಳೂ ಸೇರಿ 54 ಸುತ್ತು ಹಿಡಿದರೆ ತಂತಿಯ ತೂಕ ಸುಮಾರು 335 ಗ್ರಾಂ, ಜೋಡಿಗೆ 670 ಗ್ರಾಂ. ಕಚ್ಚಾ ಸಾಮಗ್ರಿಯ ಖರ್ಚು ಇಷ್ಟೇ ಎಂದು ಉತ್ಸಾಹ ಪಡುವ ಮುನ್ನ ತಿರಸ್ಕೃತ ಮಾಲಿನ ಲೆಕ್ಕ ಹಾಕಬೇಕು. ತಂತಿ 0.05 ಮಿ.ಮೀ. ದಪ್ಪವಾದರೆ ಗಡಸು ಶೇ. 5 ಏರುತ್ತದೆ, ಅದರೊಂದಿಗೆ ಸುರುಳಿಯ ವ್ಯಾಸ 0.3 ಮಿ.ಮೀ. ಕಿರಿದಾದರೆ ಒಟ್ಟು ವ್ಯತ್ಯಾಸ ಶೇ. 10ಕ್ಕೆ ಮುಟ್ಟುತ್ತದೆ. ಐ.ಎಸ್. 4454 ಮಾನಕದ ತಂತಿಯನ್ನೇ ಕೊಳ್ಳುವುದು, ಸುತ್ತಿದ ಮೇಲೆ 200ರಿಂದ 250 ಡಿಗ್ರಿಯಲ್ಲಿ ಒಳಒತ್ತಡ ಇಳಿಸುವುದು, ತುದಿಗಳನ್ನು ಸಮತಟ್ಟಾಗಿ ಅರೆಯುವುದು, ಮಾರುವ ಮುನ್ನ ಪೂರ್ತಿ ಒತ್ತಿ ಉದ್ದವನ್ನು ನೆಲೆಗೊಳಿಸುವುದು, ಇವುಗಳಲ್ಲಿ ಯಾವುದನ್ನು ಬಿಟ್ಟರೂ ಸ್ಪ್ರಿಂಗ್ ಆರು ತಿಂಗಳಲ್ಲಿ ಕುಗ್ಗುತ್ತದೆ.

ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಅಂಗಡಿಯ ತೂಕದ ಯಂತ್ರದ ಮೇಲೆ ಸ್ಪ್ರಿಂಗನ್ನು ನಿಲ್ಲಿಸಿ, ಬಾಗದಂತೆ ಒಳಗೊಂದು ಸಲಾಕೆ ಇಟ್ಟು, ಕೈಪ್ರೆಸ್ಸಿನಿಂದ ಸರಿಯಾಗಿ 50 ಮಿ.ಮೀ. ಒತ್ತಿದರೆ ನಮ್ಮ ಮೊದಲ ಸ್ಪ್ರಿಂಗ್ 30.8 ಕಿಲೋ, ಎರಡನೆಯದು 37.4 ಕಿಲೋ ತೋರಿಸಬೇಕು. ಪ್ರತಿಯೊಂದನ್ನೂ ತೂಗಿ, ಸಮೀಪದ ಅಂಕಿಗಳನ್ನು ಜೋಡಿ ಮಾಡಿ, ಚೀಟಿ ಅಂಟಿಸಿ ಮಾರಿದರೆ ಅದೇ ದೊಡ್ಡ ಜಾಹೀರಾತು. ಮಾರುಕಟ್ಟೆಯಲ್ಲಿ ಗಡಸಿನ ಅಂಕಿ ಬರೆದ ಸ್ಪ್ರಿಂಗ್ ಸಿಗುವುದೇ ಅಪರೂಪ.

ಕೂಲಿ, ತೆರಿಗೆ, ಹೊಣೆ

ಲೆಕ್ಕಕ್ಕಾಗಿ ಹೀಗೆ ಭಾವಿಸಿ: ಒಬ್ಬ ಮೇಸ್ತ್ರಿಯ ತಿಂಗಳ ಸಂಬಳ 18,000 ರೂ., ಅವನ ಪಾಲಿಗೆ ಬರುವ ಬಾಡಿಗೆ, ವಿದ್ಯುತ್ ಮುಂತಾದವು 18,000 ರೂ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆಯಾದರೂ ಬಿಲ್ಲಾಗುವುದು ಅದರ ಶೇ. 60 ಎಂದಿಟ್ಟುಕೊಂಡರೆ ಸುಮಾರು 125 ಗಂಟೆ. ಗಂಟೆಯೊಂದರ ವೆಚ್ಚ 288 ರೂ. ಫೋರ್ಕ್ ಕೆಲಸಕ್ಕೆ ಎರಡು ಗಂಟೆ ಹಿಡಿದರೆ 577 ರೂ. ವೆಚ್ಚ, ಕೂಲಿ 350 ರೂ. ಪಡೆಯುವವರು ಪ್ರತಿ ಗಾಡಿಗೆ 227 ರೂ. ಕೈಯಿಂದ ಕೊಡುತ್ತಿದ್ದಾರೆ. ಸೀಲ್ ಕೂರಿಸುವ ಸಾಧನ, ಎಣ್ಣೆಯ ಮಟ್ಟ ಹಿಡಿಯುವ ಪಿಚಕಾರಿ ಇಟ್ಟುಕೊಂಡು ಅದೇ ಕೆಲಸವನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಿದರೆ ವೆಚ್ಚ 360 ರೂ.ಗೆ ಇಳಿಯುತ್ತದೆ. ಸುತ್ತಿಗೆ ಮತ್ತು ಹಳೆಯ ಪೈಪಿನ ತುಂಡಿನಿಂದ ಸೀಲ್ ಬಡಿಯುವುದು ಉಳಿತಾಯವೆಂದು ನಾನು ಒಪ್ಪಲಾರೆ.

2025ರ ಸೆಪ್ಟೆಂಬರ್ 22ರಿಂದ ದ್ವಿಚಕ್ರ ವಾಹನದ ಬಿಡಿಭಾಗಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ; ದುರಸ್ತಿ ಸೇವೆಗೂ, ಆಯಿಲಿಗೂ ದರ 18. ಹಿಂದೆ 28ರ ದರದಲ್ಲಿ ಕೊಂಡ ದಾಸ್ತಾನಿನ ಹೂಡುವಳಿ ತೆರಿಗೆ ಜಮೆ ಇದರಿಂದ ನಷ್ಟವಾಗದು. ದರ ಒಂದೇ ಆಯಿತೆಂದು ಬಿಲ್ಲಿನಲ್ಲಿ ಭಾಗ ಮತ್ತು ಕೂಲಿಯನ್ನು ಒಂದೇ ಸಾಲಿನಲ್ಲಿ ಬರೆಯುವುದು ಬೇಡ. ಎರಡನ್ನೂ ಪ್ರತ್ಯೇಕವಾಗಿ ತೋರಿಸಿದರೆ ಪ್ರತ್ಯೇಕವಾಗಿಯೇ ಪರಿಗಣಿಸಬೇಕೆಂದು 2018ರ ಜೂನ್ 8ರ ಕೇಂದ್ರ ಮಂಡಳಿಯ 47ನೇ ಸುತ್ತೋಲೆ ಸ್ಪಷ್ಟಪಡಿಸಿದೆ. ಸೀಲುಗಳ ಖರೀದಿಯನ್ನು ಬಿಲ್ಲಾದ ಸೀಲುಗಳೊಂದಿಗೆ ಪ್ರತಿ ತಿಂಗಳು ತಾಳೆ ನೋಡಲೂ ಇದು ಅನುಕೂಲ. ಬರೀ ಸರಕು ಮಾರುವವರಿಗೆ ಇರುವ 40 ಲಕ್ಷದ ನೋಂದಣಿ ಮಿತಿ ದುರಸ್ತಿ ಮಾಡುವವರಿಗೆ ಅನ್ವಯಿಸದು, ಅವರಿಗೆ 20 ಲಕ್ಷ. ವ್ಯಾಪಾರದ ಬಳಕೆಯ ಬೈಕಿನ ಸ್ಪ್ರಿಂಗ್, ಆಯಿಲ್ ಬದಲಾವಣೆ ಆದಾಯ ತೆರಿಗೆಯಲ್ಲಿ ಚಾಲ್ತಿ ದುರಸ್ತಿಯ ಖರ್ಚು, ಬಂಡವಾಳವಲ್ಲ. ಆದರೆ ಜನರು ಪ್ರಯಾಣಿಸುವ ವಾಹನದ ದುರಸ್ತಿ ಸೇವೆಗೆ ತೆತ್ತ ಜಿ.ಎಸ್.ಟಿ.ಯನ್ನು ಸಾಮಾನ್ಯವಾಗಿ ಜಮೆ ಪಡೆಯಲಾಗದೆಂಬುದನ್ನು ಗ್ರಾಹಕರಾದ ಸದಸ್ಯರು ಗಮನಿಸಬೇಕು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯು ತಯಾರಕರಷ್ಟೇ ಅಲ್ಲದೆ ಸೇವೆ ನೀಡುವವರನ್ನೂ, ಮಾರಾಟಗಾರರನ್ನೂ ಉತ್ಪನ್ನ ಹೊಣೆಗಾರಿಕೆಗೆ ಒಳಪಡಿಸಿದೆ. ಮಾರಾಟಗಾರರು ವಸ್ತುವನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದರೆ ಪರಿಹಾರದ ಹೊಣೆ ಅವರದು. ಕತ್ತರಿಸಿದ ಸ್ಪ್ರಿಂಗು ಮುರಿದು ಸವಾರ ಬಿದ್ದರೆ ಗ್ರಾಹಕನೇ ಕೇಳಿದ್ದ ಎಂಬ ಬಾಯಿಮಾತು ಆಯೋಗದ ಮುಂದೆ ನಿಲ್ಲುವುದು ಕಷ್ಟ. ಆದುದರಿಂದ ಫೋರ್ಕ್ ಕೆಲಸದ ಜಾಬ್ ಕಾರ್ಡಿನಲ್ಲಿ ಈ ಅಂಶಗಳಿರಲಿ: ಸವಾರನ ತೂಕ, ಮೊದಲು ಮತ್ತು ನಂತರದ ಇಳಿತ, ಸ್ಪ್ರಿಂಗಿನ 50 ಮಿ.ಮೀ. ತೂಕ, ಮುನ್ನೊತ್ತಡ, ಎಣ್ಣೆಯ ತಯಾರಕರ ಹೆಸರು ಹಾಗೂ ದರ್ಜೆ, ಎರಡೂ ಕಾಲುಗಳ ಎಣ್ಣೆಯ ಅಂತರ, ಕೊಳವೆಯ ಸ್ಥಿತಿ. ಗಾಡಿ ಒಪ್ಪಿಸುವ ಮುನ್ನ ಗ್ರಾಹಕರ ಸಹಿ ಪಡೆದು ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ಬಿಲ್ಲಿನ ಜೊತೆ ಕಡತದಲ್ಲಿಡಬೇಕು. ಕಾರ್ಡಿನ ಮಾದರಿಯನ್ನು ಒಂದು ಹಾಳೆಯ ಒಂದೇ ಬದಿಯಲ್ಲಿ ಮುದ್ರಿಸಿದರೆ ಸಾಕು. ಹಿಂಬದಿಯನ್ನು ಅದೇ ಗಾಡಿ ಮರಳಿ ಬಂದಾಗ ಬರೆಯಲು ಖಾಲಿ ಬಿಡಿ.